ಅತ್ತೆಗೆ ಅತ್ತ ಕಡೆಯ ವೀಸಾ

ಆ ಗಲ್ಲಿಯಲ್ಲಿ ಯಾರನ್ನು ಕೇಳಿದರೂ ಕಿಟಕಿ ಮೇಡಂ ಮನೆ ತೋರಿಸುತ್ತಾರೆ. ಕೇಳದಿದ್ದರೂ ತೋರಿಸುತ್ತಾರೆ. ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಕಾಲಲ್ಲಿ ಹೊಸ ಬೂಟು, ಮುಖದಲ್ಲಿ ಪರೀಕ್ಷೆಗೆ ಹೊರಟ ಹುಡುಗನ ಕಳೆ ಇದ್ದವರೆಲ್ಲ ಅಲ್ಲಿಗೇ ಹೋಗುವವರು ಎಂಬುದು ಮೂಲೆಯ ಚಹಾದಂಗಡಿಯವನಿಗೆ ಗೊತ್ತು. ‘ನೀಲಿ ಬಾಗಿಲು, ನೇರ ಹೋಗಿ. ಅಳು ಬಂದ್ರೆ ವಾಪಸ್ ಬರ್ತಾ ಇಲ್ಲಿ ಚಹಾ ಕುಡೀರಿ’ ಎಂದು ತನ್ನ ವ್ಯಾಪಾರವನ್ನೂ ಸೇರಿಸಿಯೇ ದಾರಿ ಹೇಳುತ್ತಾನೆ.

ನೀಲಿ ಬಾಗಿಲು ತೆರೆದರೆ ಮುಂಗೋಣೆ. ಅದರ ನಡುವೆ ಅಡ್ಡಲಾಗಿ ಒಂದು ಗಾಜಿನ ಕೌಂಟರು. ಯಾವುದೋ ಹಳೆಯ ಬ್ಯಾಂಕನ್ನು ಕೆಡವುವಾಗ ಅದರ ಕ್ಯಾಷಿಯರ್ ಕೂರುತ್ತಿದ್ದ ಕಿಟಕಿಯನ್ನು ಮೇಡಂ ಅವರ ಗಂಡ ಗುಜರಿಯವನಿಂದ ತಂದು, ಹಲಗೆ ಹೊಡೆದು ನಿಲ್ಲಿಸಿದ್ದು. ದಪ್ಪ ಗಾಜು, ಬಾಯಿಯ ಎತ್ತರಕ್ಕೆ ದುಂಡಗೆ ಕೊರೆದ ತೂತುಗಳು, ಕೆಳಗೆ ಕಾಗದ ತೂರಿಸಲು ಒಂದು ಸೀಳು. ಆ ಕಡೆ ಎತ್ತರದ ಕುರ್ಚಿ. ಈ ಕಡೆ ಕುರ್ಚಿಯೇ ಇಲ್ಲ. ದೂತಾವಾಸದಲ್ಲಿ ಯಾರನ್ನೂ ಕೂರಿಸಿ ಮಾತಾಡಿಸುವುದಿಲ್ಲ, ಆದ್ದರಿಂದ ಇಲ್ಲಿಯೂ ಇಲ್ಲ. ಮೈಕು ಗೊರಗೊರ ಅನ್ನುತ್ತದೆ. ಹಾಗೆ ಅನ್ನಲಿ ಎಂದೇ ಆರಿಸಿ ತಂದ ಮೈಕು. ‘ಅಲ್ಲಿ ಅವರು ಕೇಳೋದು ಅರ್ಧಂಬರ್ಧ ಕೇಳ್ಸುತ್ತೆ. ಇಲ್ಲೇ ರೂಢಿ ಆಗ್ಲಿ’ ಎಂಬುದು ಮೇಡಂ ವಾದ.

ಅಲ್ಲಿ ನಡೆಯುವುದು ವೀಸಾ ಸಂದರ್ಶನದ ತಾಲೀಮು. ಗಲ್ಲಿಯ ಬೆನ್ನಿಗೇ, ದೊಡ್ಡ ರಸ್ತೆಯಲ್ಲಿ, ಪಕ್ಕದ ದೇಶದ ದೂತಾವಾಸ. ಮೇಡಂ ಬಹಳ ವರ್ಷ ಅದರ ಹೊರಗಿನ ಕೌಂಟರಿನಲ್ಲಿ ಕೆಲಸ ಮಾಡಿದವರು. ಟೋಕನ್ ಕೊಡುವುದು, ಫೈಲು ನೋಡುವುದು, ಫೋಟೋದಲ್ಲಿ ನಕ್ಕವರನ್ನು ಮತ್ತೆ ಸ್ಟುಡಿಯೋಗೆ ಅಟ್ಟುವುದು. ಒಂದು ದಿನ ದೂತಾವಾಸದವರು ಹೊರಗಿನ ಕೆಲಸವನ್ನೆಲ್ಲ ಗುತ್ತಿಗೆಗೆ ಕೊಟ್ಟರು. ಗುತ್ತಿಗೆಯವರು ಟೋಕನ್ ಉಗುಳುವ ಯಂತ್ರ ತಂದರು. ಯಂತ್ರ ಬಂದು ಮೇಡಂ ಅತಂತ್ರರಾದರು. ಆದರೆ ಅಷ್ಟು ವರ್ಷ ಅವರು ನೋಡಿದ್ದು ಬರೀ ಫೈಲುಗಳನ್ನಲ್ಲ. ಒಳಗಿನ ಕಿಟಕಿಯಿಂದ ಸೋತು ಹೊರಬರುವ ಮುಖಗಳನ್ನು. ಕಾಗದಪತ್ರ ಸರಿಯಿದ್ದೂ ನಾಲಿಗೆಯಿಂದ ಕೆಟ್ಟವರೇ ಹೆಚ್ಚು. ‘ಎಷ್ಟು ದಿನ ಇರ್ತೀರಾ?’ ಎಂದರೆ ‘ನೀವು ಎಷ್ಟು ಕೊಟ್ರೆ ಅಷ್ಟು ಸಾರ್’ ಎಂದವರು. ‘ಅಲ್ಲಿ ಯಾರಿದ್ದಾರೆ?’ ಎಂದರೆ ಭಾವನ ಷಡ್ಡಕನ ಅಂಗಡಿಯ ದಿವಾಳಿಯ ಕಥೆಯನ್ನು ಮೊದಲಿಂದ ಶುರುಮಾಡಿದವರು.

ಹೀಗೆ ಹುಟ್ಟಿದ್ದು ಮುಂಗೋಣೆಯ ವಿದೇಶಾಂಗ. ಮೇಡಂ ಸುಳ್ಳು ಹೇಳಿಕೊಡುವುದಿಲ್ಲ. ‘ನಾನು ದರ್ಜಿ ಇದ್ದ ಹಾಗೆ. ಬಟ್ಟೆ ನಿಮ್ಮದೇ, ಉದ್ದ ಮಾತ್ರ ಕಮ್ಮಿ ಮಾಡ್ಕೊಡ್ತೀನಿ’ ಎನ್ನುತ್ತಾರೆ. ಕಮ್ಮಿ ಮಾಡುವ ಕತ್ತರಿ ಎಂದರೆ ಅವರ ಕೈಯ ಬಾಲ್‌ಪೆನ್ನು. ಉತ್ತರ ಸಾಕಾದ ಜಾಗ ದಾಟಿತೋ, ಪೆನ್ನಿನ ಹಿಂತುದಿಯಿಂದ ಗಾಜಿಗೆ ಒಂದು ಟಕ್. ಟಕ್ ಎಂದರೆ ಪೂರ್ಣವಿರಾಮ. ಎದುರಿನವರು ನಡುಪದದಲ್ಲಿದ್ದರೂ ಸರಿ, ಬಾಯಿ ಮುಚ್ಚಬೇಕು. ಹಡಗಿಗೆ ಅಡುಗೆಯವನಾಗಿ ಹೊರಟವನು, ಪಿಟೀಲು ನುಡಿಸಲು ಹೊರಟವಳು, ಹೊಸದಾಗಿ ಮದುವೆಯಾಗಿ ಗಂಡನ ಮುಖ ಮರೆಯುವಷ್ಟರಲ್ಲಿ ಸೇರಿಕೊಳ್ಳಲು ಹೊರಟವಳು, ಎಲ್ಲರೂ ಆ ಟಕ್ಕಿಗೆ ಪಳಗಿ, ಚುಟುಕಾಗಿ, ವೀಸಾ ಪಡೆದು ಹೋಗಿದ್ದಾರೆ.

ಗಾಜಿನ ಆ ಕಡೆ ಕೂತಾಗ ಅವರು ಮೇಡಂ, ಬಹುವಚನ. ಎದ್ದು ಅಡುಗೆಮನೆಗೆ ಬಂದರೆ ಸೊಸೆ, ಏಕವಚನ. ಇನ್ನು ಮುಂದೆ ಬರುವುದು ಅತ್ತೆಯ ಕಥೆಯಾದ್ದರಿಂದ ನಾವೂ ಮನೆಯ ಪದ್ಧತಿಯನ್ನೇ ಪಾಲಿಸೋಣ.

ಅತ್ತೆ ಮಾತುಗಾರ್ತಿ. ಬೆಳಿಗ್ಗೆ ಹಾಲಿನವನೊಂದಿಗೆ ಶುರುವಾದದ್ದು ಮಲಗುವ ತನಕ ಒಂದೇ ವಾಕ್ಯ. ನಡುನಡುವೆ ಊಟಕ್ಕೆ ಅಲ್ಪವಿರಾಮ. ಅವರಿಗೆ ಒಬ್ಬಳೇ ಅಕ್ಕ, ನದಿಯ ಆಚೆಯ ದೇಶಕ್ಕೆ ಮದುವೆಯಾಗಿ ಹೋದವಳು. ಆಗ ಅದು ವಿದೇಶ ಎಂದು ಯಾರಿಗೂ ಅನ್ನಿಸಿರಲಿಲ್ಲ. ಸೇತುವೆಯ ಬಳಿ ಗುಮಾಸ್ತನೊಬ್ಬ ಒಂದು ಚೀಟಿ ಹರಿದು ಕೊಡುತ್ತಿದ್ದ, ಅದನ್ನು ಹಿಡಿದು ದಾಟುವುದು, ಬರುವಾಗ ಅವನಿಗೇ ವಾಪಸ್ ಕೊಡುವುದು. ಅತ್ತೆ ಬೇಸರವಾದಾಗೆಲ್ಲ ಅತ್ತ ಹೋಗಿ ಬರುತ್ತಿದ್ದರು.

ಆಮೇಲೆ ಎರಡು ದೇಶಗಳಿಗೂ ಮುನಿಸು ಬಂತು. ಅವರ ಮಂತ್ರಿಯೊಬ್ಬರು ಇಲ್ಲಿಗೆ ಬಂದಾಗ ವಿಮಾನ ನಿಲ್ದಾಣದಲ್ಲಿ ಯಾರೋ ಅವರ ಕೈಚೀಲ ಬಿಚ್ಚಿ ನೋಡಿದರಂತೆ. ನಮ್ಮ ಮಂತ್ರಿ ಅಲ್ಲಿಗೆ ಹೋದಾಗ ಅವರು ಬೂಟು ಬಿಚ್ಚಿಸಿದರು. ಇವರು ಚೀಟಿ ನಿಲ್ಲಿಸಿದರು, ಅವರು ವೀಸಾ ತಂದರು. ಇವರು ಎರಡು ಫೋಟೋ ಕೇಳಿದರೆ ಅವರು ನಾಲ್ಕು, ಅವರು ಬ್ಯಾಂಕಿನ ಪತ್ರ ಕೇಳಿದರೆ ಇವರು ಮನೆಯ ಬಾಡಿಗೆ ಪತ್ರವನ್ನೂ ಸೇರಿಸಿದರು. ಪತ್ರಿಕೆಗಳು ಇದನ್ನು ಪರಸ್ಪರತೆಯ ತತ್ವ ಎಂದು ಬರೆದವು. ಒಂದೇ ಮನೆಯಲ್ಲಿ ವಾರಗಿತ್ತಿಯರ ನಡುವೆ ಬದುಕಿದವರಿಗೆ ಬೇರೆ ವಿವರಣೆ ಬೇಕಿರಲಿಲ್ಲ: ನೀನು ನನಗೆ ಸಕ್ಕರೆಯಿಲ್ಲದ ಚಹಾ ಕೊಟ್ಟೆ, ತಗೋ ನಿನಗೆ ಚಹಾ ಇಲ್ಲದ ಬಿಸಿನೀರು. ವಿದೇಶಾಂಗ ಇಲಾಖೆಗೆ ಬಾಯಿ, ಮೂಗು, ಕೋಪ ಬಂದಾಗ ಮುರಿಯಲು ಲಟಿಗೆ ಎಲ್ಲ ಇವೆ. ಕಿವಿ ಎನ್ನುವ ಅಂಗವೊಂದನ್ನು ಕೊಡಲು ಮರೆತಿದ್ದಾರೆ.

ಅಷ್ಟರಲ್ಲಿ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಬಲಭುಜದ ಮೂಳೆ ಮುರಿದುಕೊಂಡಳು. ಫೋನಿನಲ್ಲಿ ತಂಗಿಗೆ ಹೇಳಿದ್ದು ಒಂದೇ ಮಾತು. ‘ಬೇಗ ಬಾರೇ.’

ಅತ್ತೆ ಆವತ್ತೇ ಚೀಲಕ್ಕೆ ಬಟ್ಟೆ ತುಂಬಿದರು. ಸೊಸೆ ಆ ಚೀಲವನ್ನು ಎತ್ತಿ ಮಂಚದ ಕೆಳಗಿಟ್ಟಳು.

‘ಮೊದಲು ವೀಸಾ ಅತ್ತೆ. ಈಗ ವಯಸ್ಸಾದವರಿಗೂ ಸಂದರ್ಶನ ಇದೆ.’

‘ನನ್ನ ಅಕ್ಕನ ಮನೆಗೆ ಹೋಗೋಕೆ ಯಾವನೋ ನನ್ನ ಸಂದರ್ಶನ ಮಾಡ್ತಾನಾ?’

‘ಅವನಿಗಿಂತ ಮುಂಚೆ ನಾನು ಮಾಡ್ತೀನಿ. ಬನ್ನಿ, ಗಾಜಿನ ಮುಂದೆ ನಿಲ್ಲಿ.’

ಮಗ, ಅಂದರೆ ಮೇಡಂ ಅವರ ಗಂಡ, ಲಿಫ್ಟ್ ರಿಪೇರಿ ಮಾಡುವವನು. ಅವನು ಕೆಲಸಕ್ಕೆ ಹೊರಟವನು ಬಾಗಿಲಲ್ಲೇ ನಿಂತುಬಿಟ್ಟ. ‘ಸೊಸೆ ಅತ್ತೇನ ನಿಲ್ಲಿಸಿ ಪ್ರಶ್ನೆ ಕೇಳೋದಾ! ನೋಡ್ಕೊಂಡೇ ಹೋಗ್ತೀನಿ. ಯಾರಾದ್ರೂ ಲಿಫ್ಟಲ್ಲಿ ಸಿಕ್ಕಿಕೊಂಡಿದ್ರೆ ಸ್ವಲ್ಪ ಕಾಯ್ಲಿ.’

‘ನೀವು ಹೊರಡ್ರೀ.’

‘ಮೇಲೆ ಕೆಳಗೆ ಹೋಗೋರ ಕಷ್ಟ ನಂಗೊತ್ತು ಕಣೇ. ಅಡ್ಡ ಹೋಗೋರ ಕಷ್ಟ ಇದೇ ಮೊದಲು ನೋಡ್ತಿರೋದು’ ಎಂದು ಅವನು ಹೋದ.

ಮೊದಲ ದಿನದ ತಾಲೀಮಿನಲ್ಲೇ ಕಷ್ಟ ಎಲ್ಲಿದೆ ಎಂದು ಸೊಸೆಗೆ ಗೊತ್ತಾಯಿತು. ‘ಯಾಕೆ ಹೋಗ್ತಾ ಇದೀರಾ?’ ಎಂದರೆ ಅತ್ತೆ, ‘ಅಕ್ಕನ್ನ ನೋಡೋಕೆ. ಬಿದ್ದು ಭುಜ ಮುರ್ಕೊಂಡಿದ್ದಾಳೆ. ನೋಡ್ಕೊಳ್ಳೋಕೆ ಮಗಳಿದ್ದಾಳೆ, ಆದ್ರೆ—’ ಎನ್ನುತ್ತಾರೆ. ಆ ‘ಆದ್ರೆ’ಯಲ್ಲಿ ಅಪಾಯವಿತ್ತು. ಹೊಸ ನಿಯಮದ ಪ್ರಕಾರ ರೋಗಿಯ ಶುಶ್ರೂಷೆಗೆ ಹೋಗುವುದು ಒಂದು ಕೆಲಸ; ಕೆಲಸಕ್ಕೆ ಬೇರೆ ವೀಸಾ; ಆ ವೀಸಾಕ್ಕೆ ನರ್ಸಿಂಗ್ ಪ್ರಮಾಣಪತ್ರ. ತಂಗಿಯಾಗಿ ಹುಟ್ಟಿದ್ದಕ್ಕೆ ಪ್ರಮಾಣಪತ್ರ ಕೊಡುವ ಕಾಲೇಜು ಯಾವ ದೇಶದಲ್ಲೂ ಇಲ್ಲ. ಆದ್ದರಿಂದ ಸೊಸೆ ‘ಆದ್ರೆ’ ಎಂಬ ಮಾತು ಬಾಯಿಂದ ಬಿದ್ದ ಕೂಡಲೇ ಪೆನ್ನೆತ್ತಿ ಟಕ್ ಅನ್ನಿಸುತ್ತಿದ್ದಳು. ಆ ‘ಆದ್ರೆ’ಯ ಆಚೆ ಏನಿದೆ ಎಂದು ಅವಳು ಒಂದು ದಿನವೂ ಕೇಳಿಸಿಕೊಳ್ಳಲಿಲ್ಲ.

ಅತ್ತೆ ಮೊದಮೊದಲು ಸಿಡುಕಿದರು. ‘ನನ್ನ ಮಾತು ಇನ್ನೂ ಮುಗ್ದಿಲ್ಲ.’

‘ಅಲ್ಲಿ ಮುಗೀದೇ ಇದ್ರೆ ವೀಸಾ ಮುಗಿಯುತ್ತೆ ಅತ್ತೆ.’

ವೀಸಾ ಎಂದರೆ ಅಕ್ಕ. ಅಕ್ಕನಿಗಾಗಿ ಅವರು ಕಲಿತರು. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ನಿಂತು ಕಲಿತರು. ಕಡೆಕಡೆಗೆ ಎಷ್ಟು ಪಳಗಿದರೆಂದರೆ ಟಕ್ ಎಂದೊಡನೆ ನಲ್ಲಿ ತಿರುಗಿಸಿದ ಹಾಗೆ ಮಾತು ನಿಲ್ಲುತ್ತಿತ್ತು, ತುದಿಯಲ್ಲಿ ಒಂದು ಹನಿಯೂ ತೊಟ್ಟಿಕ್ಕುತ್ತಿರಲಿಲ್ಲ. ಇಷ್ಟು ಒಳ್ಳೆಯ ಶಿಷ್ಯೆ ತನಗೆ ಸಿಕ್ಕೇ ಇರಲಿಲ್ಲ ಎಂದು ಸೊಸೆ ಗಂಡನ ಮುಂದೆ ಬೀಗಿದಳು.

ಸಂದರ್ಶನದ ದಿನ ವಯಸ್ಸಾದವರ ಜೊತೆ ಒಬ್ಬರು ಹಿಂದಿನ ಬೆಂಚಿನಲ್ಲಿ ಕೂರಬಹುದು ಎಂದು ಕಾವಲಿನವನು ಸೊಸೆಯನ್ನೂ ಒಳಗೆ ಬಿಟ್ಟ. ಹಳೆಯ ಪರಿಚಯ. ಕಿಟಕಿಯ ಆ ಕಡೆ ಹೊಸದಾಗಿ ವರ್ಗವಾಗಿ ಬಂದ ಅಧಿಕಾರಿ. ಸಣ್ಣ ವಯಸ್ಸು, ದೊಡ್ಡ ಕನ್ನಡಕ. ಅವನ ಕಂಪ್ಯೂಟರ್ ನಿಧಾನ. ಅದು ತಡವರಿಸಿದಾಗೆಲ್ಲ ಅವನಿಗೊಂದು ಚಟ. ಕೈಯಲ್ಲಿದ್ದ ಪೆನ್ನಿನಿಂದ ಎದುರಿನ ಗಾಜಿಗೆ ಟಕ್ ಎಂದು ಬಡಿಯುವುದು.

‘ಪ್ರಯಾಣದ ಉದ್ದೇಶ?’

‘ಅಕ್ಕನ್ನ ನೋಡೋಕೆ ಸಾರ್. ಬಿದ್ದು ಭುಜ ಮುರ್ಕೊಂಡಿ—’

ಟಕ್.

ಅತ್ತೆ ನಿಂತುಬಿಟ್ಟರು.

‘ಮುರ್ಕೊಂಡಿ...?’ ಎಂದ ಅಧಿಕಾರಿ.

‘ಅಷ್ಟೇ ಸಾರ್.’

ಸೊಸೆ ಬೆಂಚಿನ ತುದಿಗೆ ಸರಿದಳು. ‘ಹೇಳಿ ಅತ್ತೆ, ಹೇಳಿ’ ಎಂದು ಅವಳು ತುಟಿಯಲ್ಲೇ ಅಂದುಕೊಂಡಳು. ಗಟ್ಟಿಯಾಗಿ ಅಂದರೆ ಕಾವಲಿನವನು ಎಬ್ಬಿಸುತ್ತಾನೆ.

‘ಅಲ್ಲಿ ಅವರನ್ನ ನೋಡ್ಕೊಳ್ಳೋಕೆ ಯಾರೂ ಇಲ್ವಾ?’

‘ಮಗಳಿದ್ದಾಳೆ ಸಾರ್, ಆದ್ರೆ—’

ಟಕ್.

‘ಆದ್ರೆ?’

‘ಏನಿಲ್ಲ ಸಾರ್.’

‘ಆದ್ರೆ ಅಂದ್ರಲ್ಲಮ್ಮ?’

‘ಅಂದೆ ಸಾರ್. ಅಷ್ಟೇ ಅಂದಿದ್ದು.’

ಅಧಿಕಾರಿ ಕನ್ನಡಕ ಸರಿಮಾಡಿಕೊಂಡ. ‘ವಾಪಸ್ ಯಾವಾಗ ಬರ್ತೀರಾ?’

‘ಒಂದು ತಿಂಗಳಿಗೆ ಬಂದ್ಬಿಡ್ತೀನಿ. ಅಲ್ಲೇ ಇದ್ದುಬಿಡೋಕೆ ನನಗೇನು—’

ಕಂಪ್ಯೂಟರ್ ಮತ್ತೆ ತಡವರಿಸಿತು. ಟಕ್.

‘ನಿಮಗೇನು?’

ಅತ್ತೆ ಬಾಯಿ ಬಿಗಿಹಿಡಿದು, ಸರಿಯಾಗಿ ಮಾಡುತ್ತಿದ್ದೇನಲ್ಲ ಎಂಬಂತೆ ತಿರುಗಿ ಬೆಂಚಿನ ಕಡೆ ನೋಡಿದರು. ಅಧಿಕಾರಿಯೂ ನೋಡಿದ. ಏನೋ ಮುಚ್ಚಿಡುವ ಮುದುಕಿ, ಹಿಂದೆ ಕೂತು ಬೆವರುವ ಹೆಂಗಸು. ಅವನ ಜಾಗದಲ್ಲಿ ತಾನಿದ್ದರೂ ಇದನ್ನೇ ಮಾಡುತ್ತಿದ್ದೆ ಎಂದು ಸೊಸೆಗೆ ಅನ್ನಿಸಿತು. ಸೀಳಿನಿಂದ ಪಾಸ್‌ಪೋರ್ಟು ಹೊರಗೆ ಬಂತು, ಅದರೊಳಗೊಂದು ಚೀಟಿ: ಪ್ರಯಾಣದ ಉದ್ದೇಶ ಅಸ್ಪಷ್ಟ. ನಮಸ್ಕಾರದಿಂದ ಶುರುವಾದದ್ದು ತಿರಸ್ಕಾರದಲ್ಲಿ ಮುಗಿಯಿತು. ಇನ್ನೊಂದೇ ಸಲ ಅರ್ಜಿ ಹಾಕಬಹುದು. ಅದೂ ಬಿದ್ದರೆ ಎರಡು ವರ್ಷ ಆ ಕಡೆ ತಲೆ ಹಾಕುವಂತಿಲ್ಲ. ಅಕ್ಕನ ವಯಸ್ಸಿಗೆ ಎರಡು ವರ್ಷ ಎಂದರೆ ಯಾರೂ ಜವಾಬ್ದಾರಿ ವಹಿಸಿಕೊಳ್ಳದ ಅವಧಿ.

ಹೊರಗೆ ಮೆಟ್ಟಿಲಿಳಿಯುವಾಗ ಅತ್ತೆ ಸೊಸೆಯ ತೋಳು ಹಿಡಿದುಕೊಂಡರು. ಬೈಯುತ್ತಾರೆ ಎಂದುಕೊಂಡಳು. ಬೈಯಲಿಲ್ಲ.

‘ನೀನು ಹೇಳ್ಕೊಟ್ಟಂಗೇ ಮಾಡ್ದೆ ಅಲ್ವೇನೇ? ಒಂದು ಸಲಾನೂ ಮೀರ್ಲಿಲ್ಲ’ ಎಂದರು. ‘ಆ ಹುಡುಗನಿಗೆ ಏನು ಕಮ್ಮಿಯಾಯ್ತು ಅಂತ?’

ಚಹಾದಂಗಡಿಯ ಮುಂದೆ ಹಾದಾಗ ಅಂಗಡಿಯವನು ಮುಖ ನೋಡಿ ಎರಡು ಲೋಟ ತೊಳೆಯತೊಡಗಿದ. ಸೊಸೆ ಬೇಡವೆಂದು ತಲೆಯಾಡಿಸಿದಳು.

ಕಲಿಸುವುದು ಅವಳ ಕಸುಬು. ಕಲಿಸಿದ್ದನ್ನು ಮರೆಸುವುದು ಹೇಗೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ‘ಅತ್ತೆ, ಆ ಶಬ್ದಕ್ಕೆ ಕಿವಿಗೊಡಬೇಡಿ, ಅದು ಅವನ ಚಟ’ ಎಂದು ಹೇಳಿದಳು. ಅತ್ತೆ ‘ಸರಿ’ ಎಂದರು. ಟಕ್ ಎಂದರೆ ನಿಂತರು. ಗಾಜಿಗೇ ಬಡಿಯಬೇಕೆಂದೂ ಇರಲಿಲ್ಲ. ಮಗ ಚಮಚದಿಂದ ಲೋಟಕ್ಕೆ ಬಡಿದರೆ ಅತ್ತೆಯ ಮಾತು ನಿಂತಿತು. ಪಕ್ಕದ ಮನೆಯವರು ಗೋಡೆಗೆ ಮೊಳೆ ಹೊಡೆದರೆ ನಿಂತಿತು. ಹಾಲಿನವನು ಗೇಟಿನ ಚಿಲಕ ಅಲ್ಲಾಡಿಸಿದರೆ, ಅವನೊಂದಿಗೆ ಶುರುವಾಗಬೇಕಾದ ದಿನದ ವಾಕ್ಯ ಶುರುವೇ ಆಗಲಿಲ್ಲ.

ಮಗನಿಗೆ ಮೊದಲು ಇದು ತಮಾಷೆ. ‘ನಮ್ಮಪ್ಪನಿಗೆ ಈ ವಿದ್ಯೆ ಗೊತ್ತಿದ್ದಿದ್ರೆ ಇನ್ನೊಂದಷ್ಟು ವರ್ಷ ಬದುಕಿರ್ತಿದ್ರು’ ಎಂದು ಅವನು ಲೋಟಕ್ಕೆ ಮತ್ತೊಂದು ಬಡಿದ. ಎರಡು ದಿನ ಕಳೆದ ಮೇಲೆ ಅವನೇ ಚಮಚ ಎತ್ತಿಟ್ಟ. ‘ಮನೆ ಯಾಕೋ ಕೆಟ್ಟ ಲಿಫ್ಟ್ ಥರ ಆಗಿದೆ ಕಣೇ. ನಿಂತಿದೆ, ಒಳಗೆ ಯಾರೋ ಇದ್ದಾರೆ, ಸದ್ದಿಲ್ಲ’ ಎಂದ.

ಮರುದಿನ ಮಧ್ಯಾಹ್ನ ತಾಲೀಮಿಗೆ ಬರಬೇಕಿದ್ದವರನ್ನು ಸೊಸೆ ವಾಪಸ್ ಕಳಿಸಿದಳು. ಅತ್ತೆಯ ಕೈಹಿಡಿದು ಗಾಜಿನ ಆ ಕಡೆಗೆ ಕರೆದೊಯ್ದು ಎತ್ತರದ ಕುರ್ಚಿಯಲ್ಲಿ ಕೂರಿಸಿದಳು. ಪೆನ್ನು ಕೈಗಿತ್ತಳು. ತಾನು ಈ ಕಡೆ ಬಂದು ನಿಂತಳು.

‘ಇವತ್ತು ನೀವು ಅಧಿಕಾರಿ. ಕೇಳಿ. ಸಾಕು ಅನ್ನಿಸಿದಾಗ ಬಡೀರಿ.’

ಅತ್ತೆ ಪೆನ್ನನ್ನು ತಿರುಗಿಸಿ ನೋಡಿದರು. ಕುರ್ಚಿಯಲ್ಲಿ ಸ್ವಲ್ಪ ಅಲುಗಾಡಿ ಭದ್ರವಾದರು. ಮೈಕಿಗೆ ಬಾಯಿ ತಂದು, ‘ನೆಕ್ಸ್ಟ್’ ಎಂದರು. ಅವರೇ ಬೆಚ್ಚುವಷ್ಟು ಗಟ್ಟಿಯಾಗಿ ಕೇಳಿಸಿತು.

‘ಈ ಮನೆಗೆ ಬಂದ ಉದ್ದೇಶ?’

‘ಮದುವೆಯಾಗಿ ಬಂದೆ ಮೇಡಂ.’

‘ಎಷ್ಟು ದಿನಕ್ಕೆ?’

‘ಖಾಯಂ.’

‘ಖಾಯಂ ಅಂತ ಯಾರು ಹೇಳಿದ್ದು?’

‘ನಿಮ್ಮ ಮಗ.’

‘ಅವನ ಸಹಿ ಈ ದೇಶದಲ್ಲಿ ನಡೆಯಲ್ಲ. ಬರುವಾಗ ಜೊತೆಗೆ ಏನೇನು ತಂದ್ರಿ?’

‘ಎರಡು ಸೂಟ್‌ಕೇಸು, ಒಂದು ಹೊಲಿಗೆ ಯಂತ್ರ—’

ಟಕ್. ಅತ್ತೆಗೆ ಆ ಶಬ್ದ ಮಾಡುವ ರುಚಿ ಹತ್ತಿತ್ತು.

‘—ಹೊಲಿಗೆ ಯಂತ್ರ,’ ಎಂದು ಸೊಸೆ ಮುಂದುವರಿಸಿದಳು, ‘ಅದನ್ನ ನಾನು ಬಂದ ವಾರಾನೇ ನೀವು ಅಟ್ಟಕ್ಕೆ ಹಾಕ್ಸಿದ್ರಿ, ಜಾಗ ಇಲ್ಲ ಅಂತ—’

ಟಕ್ ಟಕ್.

‘—ಜಾಗ ಇತ್ತು ಅತ್ತೆ, ಆ ಕಪಾಟಿನ ಪಕ್ಕ ಜಾಗ ಇತ್ತು, ಇವತ್ತಿಗೂ ಇದೆ, ಗುಡಿಸುವಾಗೆಲ್ಲ ನೋಡ್ತೀನಿ—’

ಟಕ್ ಟಕ್ ಟಕ್.

‘—ಅದಕ್ಕೇ ನಾನು ಕೌಂಟರ್ ಕೆಲಸಕ್ಕೆ ಸೇರಿದ್ದು. ಇಲ್ಲದಿದ್ರೆ ಮನೇಲೇ ಕೂತು ಹೊಲೀತಾ ಇರ್ತಿದ್ದೆ. ಬಡೀರಿ, ಬಡೀತಾ ಇರಿ, ನಾನು ನಿಲ್ಲಿಸಲ್ಲ.’

ಅತ್ತೆ ಕೈಯನ್ನು ಗಾಜಿನ ಹತ್ತಿರವೇ ಹಿಡಿದು ಕೂತಿದ್ದರು. ‘ನಿಲ್ಲಿಸ್ಲೇ ಇಲ್ವಲ್ಲೇ ನೀನು! ಇಷ್ಟು ಬಡಿದ್ರೂ?’

‘ನಿಲ್ಲಿಸಬೇಕು ಅಂತ ಯಾವ ದೇಶದಲ್ಲೂ ಕಾನೂನಿಲ್ಲ ಅತ್ತೆ. ಅದು ನಾನು ಮಾಡಿದ ಕಾನೂನು. ನಿಮಗೆ ಮಾಡಿದ್ದು ತಪ್ಪಾಯ್ತು.’

‘ಹೊಲಿಗೆ ಯಂತ್ರದ ವಿಷಯ ಆಗಲೇ ಹೇಳ್ಬಾರ್ದಿತ್ತಾ?’

‘ಆಗ ನೀವು ನನ್ನ ಮಾತಿಗೆ ಜಾಗ ಬಿಟ್ಟಿದ್ರೆ ತಾನೆ?’

ಅತ್ತೆ ಅದಕ್ಕೆ ಏನೋ ಹೇಳಹೊರಟು, ನಕ್ಕುಬಿಟ್ಟರು. ಕುರ್ಚಿಯಿಂದ ಇಳಿದು ಈ ಕಡೆ ಬಂದರು. ‘ಈಗ ನೀನು ಕೂತ್ಕೋ. ಬಡಿ.’

ಸೊಸೆ ಕೂತಳು. ‘ಪ್ರಯಾಣದ ಉದ್ದೇಶ?’

‘ಅಕ್ಕನ್ನ ನೋಡೋಕೆ. ಭುಜ ಮುರ್ಕೊಂಡಿದ್ದಾಳೆ. ಮಗಳಿದ್ದಾಳೆ, ಆದ್ರೆ—’

ಟಕ್. ಅತ್ತೆ ತಡವರಿಸಿ, ಹಲಗೆಯ ಅಂಚು ಹಿಡಿದುಕೊಂಡರು.

‘—ಆದ್ರೆ ಅವಳಿಗೆ ಅಕ್ಕನ ತಲೆ ಬಾಚೋಕೆ ಬರಲ್ಲ. ಅಕ್ಕನ ಕೂದಲು ಎಷ್ಟಿದೆ ಅಂದ್ರೆ, ಈ ವಯಸ್ಸಿಗೂ, ಬಿಚ್ಚಿ ಕೂತರೆ ನೆಲ ಮುಟ್ಟುತ್ತೆ. ಬಲಗೈ ಎತ್ತೋಕಾಗಲ್ಲ, ಮಗಳು ಬಾಚಿದ್ರೆ ಎಳೆಯುತ್ತೆ, ನೋವಾಗುತ್ತೆ, ಕಿರಿಚ್ತಾಳೆ. ಯಾಕೆ ಈ ಗೋಳು, ಕತ್ತರಿಸಿಬಿಡೋಣ ಅಂತಿದ್ದಾಳಂತೆ ಮಗಳು. ನನ್ನ ಅಮ್ಮನಿಗೆ ಯಾವಾಗಲೂ ಕೆಲಸ. ನನ್ನ ತಲೆ ಬಾಚಿ ಜಡೆ ಹಾಕಿದ್ದೆಲ್ಲ ಅಕ್ಕಾನೇ. ಅವಳ ಮದುವೆ ಆಗೋವರೆಗೂ ನನಗೆ ಜಡೆ ಹಾಕ್ಕೊಳ್ಳೋಕೆ ಬರ್ತಾನೇ ಇರ್ಲಿಲ್ಲ. ಈಗ ಅವಳ ಕೈ ಏಳಲ್ಲ. ನಾನು ಹೋಗಿ ಬಾಚಬೇಕು. ಅವರು ಕತ್ತರಿ ತರೋ ಮುಂಚೆ ಹೋಗಬೇಕು.’

ಗಾಜಿನ ಆ ಕಡೆ ಸೊಸೆ ಪೆನ್ನನ್ನು ಗಾಳಿಯಲ್ಲಿ ಹಿಡಿದು ಕೂತಿದ್ದಳು. ಎಷ್ಟು ಸಲ ಈ ಮಾತಿನ ಬಾಗಿಲಲ್ಲೇ ಅವಳು ಅತ್ತೆಯನ್ನು ತಡೆದಿದ್ದಳು!

‘ಬಡಿಯೇ,’ ಎಂದರು ಅತ್ತೆ, ಕಣ್ಣೊರೆಸಿಕೊಂಡು. ‘ನಿಲ್ಲಿಸ್ಬೇಡ, ಅಭ್ಯಾಸ ತಪ್ಪುತ್ತೆ.’

ಸೊಸೆ ಬಡಿದಳು. ಅತ್ತೆ ಹೇಳಿದರು. ಅಕ್ಕನದ್ದು ಮುಗಿದ ಮೇಲೆ ಮಗನದ್ದು, ಆಮೇಲೆ ಸೊಸೆಯದ್ದೇ. ಎಲ್ಲ ದೂರುಗಳನ್ನೂ ಮೊದಲಿಂದ ಕೊನೆಯವರೆಗೆ ಹೇಳಿದರು. ಮಗ ಕೆಲಸದಿಂದ ಬಂದಾಗ ಇಬ್ಬರೂ ಹಾಗೇ ಇದ್ದರು. ಅವನು ಸದ್ದಿಲ್ಲದೆ ಬೂಟು ಬಿಚ್ಚಿ, ಅಡುಗೆಮನೆಗೆ ಹೋಗಿ, ಚಹಾಕ್ಕೆ ನೀರಿಟ್ಟ.

ಎರಡನೇ ಅರ್ಜಿ, ಎರಡನೇ ಫೋಟೋ, ಮತ್ತೆ ಕಾಯುವುದು. ಕರೆ ಬರುವಷ್ಟರಲ್ಲಿ ತಿಂಗಳುಗಳೇ ಕಳೆದವು. ಮೂಳೆ ಕೂಡಿತಂತೆ, ಅಕ್ಕನ ಕೈ ಮಾತ್ರ ಮೇಲೇಳಲಿಲ್ಲ. ಕಿಟಕಿಯ ಆ ಕಡೆ ಅದೇ ಅಧಿಕಾರಿ, ಅದೇ ಪೆನ್ನು. ಸೊಸೆ ಈ ಸಲ ಬೆಂಚಿನ ಮೂಲೆಯಲ್ಲಿ ಮುಖ ಗೋಡೆಯ ಕಡೆ ಮಾಡಿ ಕೂತಳು, ಅತ್ತೆ ತಿರುಗಿದರೂ ತನ್ನ ಬೆನ್ನೇ ಕಾಣಲಿ ಎಂದು.

‘ಹೋದ ಸಲ ಏನೋ ಆದ್ರೆ ಅಂದ್ರಿ. ಅಲ್ಲಿಗೇ ನಿಲ್ಲಿಸಿದ್ರಿ’ ಎಂದ ಅಧಿಕಾರಿ, ಹಳೆಯ ಟಿಪ್ಪಣಿ ತೆರೆಯುತ್ತ. ಕಂಪ್ಯೂಟರ್ ತಡವರಿಸಿತು. ಟಕ್.

ಸೊಸೆ ಗೋಡೆಯನ್ನೇ ನೋಡುತ್ತಿದ್ದಳು. ಹಿಂದೆ ಮೌನ. ಅದು ಬೆಳೆಯಿತು.

‘ನೀವು ಬಡೀತಾ ಇರಿ ಸಾರ್,’ ಅತ್ತೆಯ ದನಿ ಕೇಳಿಸಿತು, ‘ನಾನು ಹೇಳ್ತಾ ಇರ್ತೀನಿ. ಮಗಳಿಗೆ ಅಕ್ಕನ ತಲೆ ಬಾಚೋಕೆ ಬರಲ್ಲ.’

ಪೂರ್ತಿ ಹೇಳಿದರು. ನೆಲ ಮುಟ್ಟುವ ಕೂದಲು, ಎಳೆಯುವ ಬಾಚಣಿಗೆ, ಕತ್ತರಿ ಎಲ್ಲ ಬಂದವು. ನಡುವೆ ಎರಡು ಸಲ ಗಾಜು ಟಕ್ ಎಂದಿತು. ಆಮೇಲೆ ಅನ್ನಲಿಲ್ಲ.

‘ಅಂದ್ರೆ ಅವರ ಶುಶ್ರೂಷೆಗೆ ಹೋಗ್ತಾ ಇದೀರಾ?’

ಸೊಸೆ ಕಣ್ಣು ಮುಚ್ಚಿಕೊಂಡಳು.

‘ಶುಶ್ರೂಷೆ ಎಲ್ಲಿ ಬಂತು ಸಾರ್? ಬರೀ ಜಗಳ. ಚಿಕ್ಕಂದಿನಲ್ಲಿ ನಾನು ತಲೆ ಅಲ್ಲಾಡಿಸಿದ್ರೆ ಬಾಚಣಿಗೆ ತಿರುಗಿಸಿ ಕುಟ್ಟೋಳು. ಈಗ ನನ್ನ ಸರದಿ.’

ಆ ಕಡೆಯಿಂದ ಏನೋ ಸದ್ದು ಬಂತು. ಗೊರಗೊರ ಮೈಕಿನಲ್ಲಿ ಅದು ನಗುವೋ ಕೆಮ್ಮೋ ತಿಳಿಯಲಿಲ್ಲ.

‘ತಲೆ ಬಾಚೋಕೆ ಒಂದು ತಿಂಗಳು ಬೇಕಾ?’

‘ನೀವು ಅವಳ ಕೂದಲು ನೋಡಿಲ್ಲ ಸಾರ್.’

‘ಹದಿನೈದು ದಿನ ಕೊಡ್ತೀನಿ.’

‘ಇಪ್ಪತ್ತು ಮಾಡಿ.’

‘ಇದು ತರಕಾರಿ ಅಂಗಡಿ ಅಲ್ಲಮ್ಮ.’

‘ಹಂಗಿದ್ರೆ ಹದಿನೈದು’ ಎಂದರು ಅತ್ತೆ.

ಮುದ್ರೆ ಬಿತ್ತು. ಮೊಹರಿನ ಸದ್ದಿಗೆ ಸೊಸೆ ತಿರುಗಿ ನೋಡಿದಾಗ ಅತ್ತೆ ಸೀಳಿನಲ್ಲಿ ಕೈಯಿಟ್ಟು ಪಾಸ್‌ಪೋರ್ಟಿಗೆ ಕಾಯುತ್ತಿದ್ದರು.

ಸೇತುವೆಯ ಹತ್ತಿರ ಈಗ ಚೀಟಿಯ ಗುಮಾಸ್ತನಿಲ್ಲ. ದೊಡ್ಡದೊಂದು ಹಾಲ್, ಕ್ಯಾಮೆರಾ, ಸಾಲುಗಳು. ಹಳದಿ ಗೆರೆಯ ತನಕ ಸೊಸೆ ಚೀಲ ಹಿಡಿದು ಹೋದಳು. ಅಲ್ಲಿಂದ ಅತ್ತೆ ಒಬ್ಬರೇ. ಕ್ಯಾಮೆರಾದ ಮುಂದೆ ನಿಂತವರಿಗೆ ಕಾವಲುಗಾರ್ತಿ ಏನೋ ಕೇಳಿದಳು. ಅತ್ತೆ ಹೇಳತೊಡಗಿದರು. ಹಿಂದಿನ ಸಾಲು ನಿಟ್ಟುಸಿರು ಬಿಟ್ಟಿತು. ಸೊಸೆ ಅವರು ಕಣ್ಮರೆಯಾಗುವ ತನಕ ನಿಂತಿದ್ದು ಬಸ್ಸು ಹಿಡಿದಳು.

ಫೋನು ಮರುದಿನ ಮಧ್ಯಾಹ್ನ ಬಂತು.

‘ಕತ್ತರಿಸಿಬಿಟ್ಟಿದ್ದಾರೆ ಕಣೇ.’

ಸೊಸೆ ಕೂತಳು. ‘ಯಾವಾಗ ಅತ್ತೆ?’

‘ಹೋದ ಸಲ ವೀಸಾ ಸಿಗ್ಲಿಲ್ವಲ್ಲ, ಅದಾದ ಸ್ವಲ್ಪ ದಿನಕ್ಕೇ ಅಂತೆ. ಜ್ವರ ಬಂದಿತ್ತಂತೆ, ತಲೆ ಗಂಟುಗಂಟಾಗಿತ್ತಂತೆ. ಹೇಳಿದ್ರೆ ನಾನು ಅಲ್ಲಿ ಅಳ್ತಾ ಕೂರ್ತೀನಿ ಅಂತ ಫೋನಲ್ಲಿ ಹೇಳಿಲ್ಲ. ಗಂಡು ಹುಡುಗನ ಥರ ಕಾಣ್ತಾಳೆ. ಬಾಗಿಲಲ್ಲಿ ನಿಂತು ಯಾರೋ ಅಂದ್ಕೊಂಡೆ.’

ಮೊದಲ ಸಲವೇ ವೀಸಾ ಸಿಕ್ಕಿದ್ದರೆ ಎಂಬ ಲೆಕ್ಕ ಸೊಸೆಯ ತಲೆಯಲ್ಲಿ ತಾನಾಗಿ ನಡೆದುಹೋಯಿತು. ಜ್ವರಕ್ಕೂ ಗಂಟಿಗೂ ಮುಂಚೆಯೇ ಅತ್ತೆ ಅಲ್ಲಿರುತ್ತಿದ್ದರು. ‘ನನ್ನಿಂದಾನೇ ಆಗಿದ್ದು ಅತ್ತೆ’ ಎಂದಳು.

ಅತ್ತೆ ಅಲ್ಲವೆಂದು ಹೇಳಲಿಲ್ಲ. ಹಿಂದಿನಿಂದ ಇನ್ನೊಂದು ಮುದಿ ದನಿ, ‘ಯಾರೇ ಅದು, ನಿನ್ನ ಸೊಸೇನಾ? ಕೊಡಿಲ್ಲಿ’ ಎನ್ನುತ್ತಿತ್ತು.

‘ತಡಿಯೇ, ನಾನು ಮಾತಾಡ್ತಿದ್ದೀನಿ,’ ಎಂದು ಅತ್ತೆ ಅಕ್ಕನನ್ನು ಗದರಿದರು. ಮತ್ತೆ ಫೋನಿಗೆ ಬಂದರು. ‘ಬೆಳಿಗ್ಗೆ ಕೂರಿಸ್ಕೊಂಡು ಬಾಚಿದೆ. ಎಷ್ಟು ಹೊತ್ತು ಬಾಚ್ತೀಯಾ? ಶುರು ಮಾಡೋಷ್ಟರಲ್ಲಿ ಮುಗ್ದೋಯ್ತು. ಆದ್ರೂ ಇನ್ನೊಂದು ಸಲ ಬಾಚು ಅಂತಾಳೆ. ಮೂರು ಸಲ ಬಾಚಿದೆ. ಸುಮ್ನೆ ಕೂತಿದ್ಲು ಕಣೇ, ಕಿರಿಚ್ಲೇ ಇಲ್ಲ.’

‘ಹಂಗಾದ್ರೆ ಬೇಗ ಬಂದ್ಬಿಡ್ತೀರಾ?’

‘ಯಾಕೆ ಬರ್ಲಿ? ಹದಿನೈದು ದಿನ ಇಸ್ಕೊಂಡಿದ್ದೀನಿ. ಇನ್ನೊಂದು ವಿಷಯ ಕೇಳು. ಕೂದಲು ಬೆಳೆಯುತ್ತೆ. ಮತ್ತೆ ಬರ್ಬೇಕು ನಾನು. ಮುಂದಿನ ವೀಸಾಕ್ಕೆ ಈಗಲೇ ಅರ್ಜಿ ಹಾಕಿಡು.’

‘ವರ್ಷಕ್ಕೆ ಒಂದೇ ಸಲ ಅಂತ ನಿಯಮ ಇದೆ ಅತ್ತೆ.’

‘ಇರ್ಲಿ ಬಿಡು,’ ಎಂದರು ಅತ್ತೆ. ‘ಜಡೆ ಹಾಕೋಷ್ಟು ಬೆಳೆಯೋಕೂ ಅಷ್ಟು ದಿನ ಬೇಕು. ತಗೋ, ಇವಳ ಹತ್ರ ಮಾತಾಡು, ನನ್ನ ಮೇಲೆ ಏನೋ ಚಾಡಿ ಹೇಳ್ಬೇಕಂತೆ.’